ಮಾಮಾನನ್ನು ಹೊತ್ತ ಪಲ್ಟಣ

ನಮ್ಮ ಸೇನೆಯಲ್ಲಿ ಯಾವ ರೆಜಿಮೆಂಟಿನ ಟೊಪ್ಪಿಗೆಗೆ ಯಾವ ತುರಾಯಿ, ಯಾರ ಕೋಟಿನ ಗುಂಡಿ ಹಿತ್ತಾಳೆಯದು, ಯಾರದು ಕಪ್ಪು ಎಂಬುದು ಒಂದು ವೇಳೆ ದಿಲ್ಲಿಯವರಿಗೆ ಮರೆತುಹೋದರೆ ಗಾಬರಿಯಾಗಬೇಕಿಲ್ಲ. ಸಿಂದಗಿಗೆ ಒಂದು ಫೋನ್ ಹಚ್ಚಿದರೆ ಸಾಕು. ನಮ್ಮ ಮಾಮಾ ಹೇಳುತ್ತಾನೆ. ಕೇಳಿದ್ದನ್ನೂ ಹೇಳುತ್ತಾನೆ, ಕೇಳದ್ದನ್ನೂ ಹೇಳುತ್ತಾನೆ, ಆ ಕಡೆಯವರು ಫೋನ್ ಇಟ್ಟ ಮೇಲೂ ಹೇಳುತ್ತಲೇ ಇರುತ್ತಾನೆ!

ಹಾಗಂತ ಮಾಮಾ ಸೈನಿಕನಲ್ಲ. ಆಯುಷ್ಯವೆಲ್ಲ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು. ಅವನ ಕೈ ಹಿಡಿದ ಏಕೈಕ ಆಯುಧವೆಂದರೆ ಟಿಕೇಟಿಗೆ ತೂತು ಹಾಕುವ ಪಂಚು. ಈಗ ಎಂಬತ್ತು ದಾಟಿದೆ. ನನ್ನ ಅವ್ವನ ತಮ್ಮ, ನಮ್ಮ ಹಿಂದಿನ ಓಣಿಯಲ್ಲೇ ಮನೆ. ಸೋದರಮಾವನಿಗೆ ನಮ್ಮಲ್ಲಿ ಏಕವಚನ. ಪ್ರೀತಿ ಹೆಚ್ಚಾದಾಗ ಬೈಗುಳ.

ಇಷ್ಟು ವಯಸ್ಸಾದವರು ದೇವರಲ್ಲಿ ಏನು ಬೇಡುತ್ತಾರೆ? ಮೋಕ್ಷ, ಇಲ್ಲವೇ ಮೊಣಕಾಲು ನೋವಿಗೆ ಶಮನ. ಮಾಮಾ ಬೇಡುತ್ತಿದ್ದುದು ಒಂದು ಪಲ್ಟಣದ ಹೆಸರು! ತನ್ನ ಹುಟ್ಟಿದೂರನ್ನು ನಿಜಾಮನ ಕೈಯಿಂದ ಬಿಡಿಸಿದ ಪಲ್ಟಣ ಯಾವುದು, ತನ್ನನ್ನು ಹೊತ್ತುಕೊಂಡು ಊರಿಗೆ ತಂದ ಜವಾನ ಯಾವ ಪಲ್ಟಣದವನು? ಅದೊಂದು ಗೊತ್ತಾದರೆ ಅವರಿಗೊಂದು ಸೆಲ್ಯೂಟ್ ಹೊಡೆದು ಕಣ್ಣು ಮುಚ್ಚುತ್ತೇನೆ ಎನ್ನುತ್ತಿದ್ದ.

ಮಾಮಾ ಹುಟ್ಟಿದ್ದು ಭೀಮಾ ನದಿಯ ಆಚೆ ದಂಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಈಚೆ ನಮ್ಮ ಸಿಂದಗಿ ಮುಂಬೈ ಸರ್ಕಾರದ್ದು, ಆಚೆಯದು ನಿಜಾಮನದು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಾಗ ಅದು ಭೀಮೆಯ ಈಚೆ ದಂಡೆಗೆ ಬಂದು ಕಾಲು ತೊಳೆದುಕೊಂಡು ಕೂತುಬಿಟ್ಟಿತು. ಹೊಳೆ ದಾಟಲು ಅದಕ್ಕೆ ಮತ್ತೊಂದು ವರ್ಷ ಬೇಕಾಯಿತು, ಜೊತೆಗೆ ಸೈನ್ಯವೂ ಬೇಕಾಯಿತು. ಆಗ ಮಾಮಾನಿಗೆ ಐದು ವರ್ಷ. ಮುಂದಿನದನ್ನು ಅವನ ಬಾಯಿಂದಲೇ ಕೇಳಬೇಕು. ನಾವು ಬೇಡವೆಂದರೂ ಕೇಳಿದ್ದೇವೆ.

"ನಿಜಾಮನ ಮಂದಿ ರಜಾಕಾರರು ಬಂದ್ರು ಅಂತ ಗುಲ್ಲೆದ್ದಿತ್ತು. ಊರ ಮಂದಿ ಎಲ್ಲಾ ಹೊಲಾ ಸೇರಿದ್ರು. ನಂಗ ಚಳಿಜ್ವರ. ಸಜ್ಜಿ ಹೊಲದಾಗ ಒಂದು ಗುಡಸಲಾ, ಅದರಾಗ ನನ್ನ ಮಲಗಿಸಿದ್ರು. ಮುಂಜಾನೆದ್ದು ಮತ್ತ ಏನೋ ಗದ್ದಲಾತು. ಅಪ್ಪನ ಕೂಡ ಅದಾನ ಅಂತ ಅವ್ವ, ಅವ್ವನ ಕೂಡ ಅದಾನ ಅಂತ ಅಪ್ಪ, ನನ್ನ ಬಿಟ್ಟು ಹೋಗೇಬಿಟ್ರು! ಜಿಟಿಜಿಟಿ ಮಳಿ. ಅತ್ತೂ ಅತ್ತೂ ದನಿ ಹೋತು. ಅಷ್ಟರಾಗ ಬಂದ ನೋಡು ಒಬ್ಬ ಜವಾನ! ಖಾಕಿ ಕೋಟು, ತಲಿಗೆ ರುಮಾಲು, ಮಾರಿಗೂ ಅದನ್ನಽ ಸುತ್ಕೊಂಡಿದ್ದ. ಕಂಬಳ್ಯಾಗ ಸುತ್ತಿ ಎತ್ತಿ ಹೆಗಲಿಗೆ ಹಾಕ್ಕೊಂಡ. ಬಾಯಾಗ ಮಿಲ್ಟ್ರಿ ಬಿಸ್ಕೀಟ ಇಟ್ಟ. 'ಡರೋ ಮತ್, ಬೇಟಾ' ಅಂದ. ಹಂಗಽ ಊರಾಗ ತಂದು ಕಟ್ಟಿ ಮ್ಯಾಲ ಇಳಸಿದ. ಕಣ್ ತೆರದು ನೋಡ್ತೇನಿ, ಜವಾನ ಇಲ್ಲ! ಊರು ಬಿಡುಗಡಿ ಆಗಿತ್ತು."

ಕೇಳಲಿಕ್ಕೆ ಚೆಂದವಿದೆ, ಅಲ್ಲವೇ? ನಾನೂ ಸಣ್ಣವಳಿದ್ದಾಗ ಬಾಯಿ ತೆರೆದು ಕೇಳುತ್ತಿದ್ದೆ. ನಮ್ಮ ಅವ್ವನೊಬ್ಬಳು ಮಾತ್ರ ಆ ಕಥೆ ಶುರುವಾದದ್ದೇ ತಡ "ಒಲಿ ಮ್ಯಾಲ ಹಾಲಿಟ್ಟೇನಿ" ಎಂದು ಒಳಗೆ ಹೋಗುತ್ತಿದ್ದಳು. ನಮ್ಮವ್ವ ಎಂಥವಳೆಂದರೆ ಪಂಚಾಂಗ ಓದುವ ಭಟ್ಟರನ್ನೂ ತಿದ್ದುವವಳು. ಅಂಥವಳು ತಮ್ಮನ ಈ ಕಥೆಯನ್ನು ಒಮ್ಮೆಯೂ ತಿದ್ದಲಿಲ್ಲ. ಹಾಲು ಉಕ್ಕಿದ್ದನ್ನೂ ನಾನು ಕಾಣೆ.

ಸಪ್ಟೆಂಬರ್ ಹದಿನೇಳು ಬಂತೆಂದರೆ ಮಾಮಾನ ಸಂಭ್ರಮ ನೋಡಬೇಕು. ಅದು ಆಚೆ ದಂಡೆಯ ಕಲಬುರಗಿಯವರ ವಿಮೋಚನೆಯ ದಿನ. ನಮ್ಮ ಜಿಲ್ಲೆಗೆ ಅದರ ಗೊಡವೆಯಿಲ್ಲ, ಸಾಲಿಗೆ ಸೂಟಿಯೂ ಇಲ್ಲ. ಮಾಮಾ ಮಾತ್ರ ಮನೆಯ ಕಟ್ಟೆಯ ಮೇಲೆ ಬಾವುಟ ಏರಿಸುತ್ತಾನೆ. "ಮೊನ್ನಿ ಆಗಸ್ಟ್‌ನ್ಯಾಗ ಏರಿಸಿದ್ರಲ್ಲಾ, ಮತ್ತ ಯಾವ ಸ್ವಾತಂತ್ರ್ಯರೀ ಇದು?" ಎಂದು ಹಾಲಿನವನು ಕೇಳಿದರೆ, "ನಿಮಗ ಒಂದು, ನನಗ ಎರಡು. ಹೊಟ್ಟಿ ಉರಿತೈತೇನು?" ಎನ್ನುತ್ತಾನೆ.

ಆಮೇಲೆ ಜಯಕಾರ. ಮೊದಲು ಭಾರತ ಮಾತೆಗೆ. ಎರಡನೆಯದು, "ನನ್ನ ಹೊತ್ತು ತಂದ..." ಎಂದು ಅಲ್ಲಿಗೆ ನಿಂತುಬಿಡುತ್ತಾನೆ. ಹೆಸರು ಗೊತ್ತಿಲ್ಲವಲ್ಲ! ಸೆಲ್ಯೂಟಿನ ಕೈ ಹಣೆಗೆ ಹತ್ತಿರುತ್ತದೆ, ಬಾಯಿ ತೆರೆದಿರುತ್ತದೆ, ಓಣಿಯ ಮಂದಿ ಮುಸಿಮುಸಿ ನಗುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ "...ಪಲ್ಟಣಕ್ಕ ಜೈ!" ಎಂದು ಮುಗಿಸಿ ಚುರುಮುರಿ ಹಂಚುತ್ತಾನೆ. ನಡುವಿನ ಆ ಖಾಲಿ ಜಾಗ ತುಂಬುವುದೇ ಅವನ ಬದುಕಿನ ಗುರಿಯಾಯಿತು.

ಕಂಡಕ್ಟರಿಕೆಯಲ್ಲಿದ್ದಾಗ ಮಾಮಾನ ಬಸ್ಸೇ ಅವನ ಕಚೇರಿ. ಇಂಡಿ ತಾಲೂಕಿನ ದಾರಿಯಿರಲಿ, ಮುದ್ದೇಬಿಹಾಳದ ದಾರಿಯಿರಲಿ, ರಜೆಯ ಮೇಲೆ ಊರಿಗೆ ಹೊರಟ ಸೈನಿಕರು ಹತ್ತಿದರೆ ಮುಗಿಯಿತು ಅವರ ಕಥೆ.

"ಯಾವ ಪಲ್ಟಣರೀ ನಿಮ್ಮದು?"

ಆ ಪಾಪದವರು ಹೇಳುತ್ತಿದ್ದರು.

"ಹಂಗಾರ ಒಂದು ಸಲ 'ಡರೋ ಮತ್, ಬೇಟಾ' ಅನ್ರಿ."

"ಯಾರಿಗ್ರೀ?"

"ನಂಗ!"

ತುಂಬಿದ ಬಸ್ಸಿನಲ್ಲಿ, ಟ್ರಂಕು ಹೊತ್ತ ಆಗಷ್ಟೇ ಹದಿಹರೆಯ ದಾಟಿದ ಜವಾನ, ಮೀಸೆ ಹಣ್ಣಾದ ಕಂಡಕ್ಟರನಿಗೆ "ಹೆದರಬೇಡ, ಮಗನೇ" ಎನ್ನಬೇಕು! ಮಾಮಾ ಕಣ್ಣು ಮುಚ್ಚಿ ಕೇಳಿ, "ಊಂಹೂಂ, ಈ ದನಿ ಅಲ್ಲ. ಇನ್ನೊಂದೀಟು ಮೆತ್ತಗ ಅನ್ರಿ" ಎನ್ನುತ್ತಿದ್ದ. ಎರಡನೇ ಸಲವೂ ಅಲ್ಲವೆಂದು ಖಾತ್ರಿಯಾದ ಮೇಲೆಯೇ ರೈಟ್ ಅನ್ನುತ್ತಿದ್ದ, ಬಸ್ಸು ಹೊರಡುತ್ತಿತ್ತು. ಒಮ್ಮೆ ಹಿಂದಿನ ಸೀಟಿನ ಮುದುಕಿಯೊಬ್ಬಳು, "ಅಂವಂಗ ಯಾಕ ತ್ರಾಸ ಕೊಡ್ತಿ? ನಾ ಅಂತೇನಿ ತಗೋ, ಡರೋ ಮತ್! ಈಗರ ಬಸ್ ಬಿಡು, ನಂಗ ದವಾಖಾನಿಗೆ ಹೋಗೂದೈತಿ" ಎಂದಳಂತೆ. ಮಾಮಾನಿಗೆ ಅದೊಂದು ಅವಮಾನ. "ಮಿಲ್ಟ್ರಿ ದನಿ ಹೆಂಗಸರಿಗೆ ಬರ್ತೈತೇನು?" ಎಂದು ಮನೆಗೆ ಬಂದು ಗೊಣಗಿದ. ಅವ್ವ ಅಂದು ಹಾಲಿಡಲು ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ದನಿಯೊಂದೇ ಸಾಕ್ಷಿಯಲ್ಲ. ಮಾಮಾನ ಹತ್ತಿರ ಇನ್ನೂ ಪುರಾವೆಗಳಿದ್ದವು. ಹೆಗಲ ಮೇಲಿದ್ದಾಗ ಅವನ ಮೂಗಿಗೆ ಒಂದು ಹಿತ್ತಾಳೆಯ ಗುಂಡಿ ಒತ್ತುತ್ತಿತ್ತು. ಎರಡನೆಯದು, ಜವಾನ ಎತ್ತರದವನಲ್ಲ. ಸಜ್ಜೆಯ ತೆನೆಗಳು ಮಾಮಾನ ಬೆನ್ನಿಗೆ ಬಡಿಯುತ್ತಿದ್ದವಂತೆ. ಹಾಗಾದರೆ ಗೂರ್ಖಾನೇ ಇರಬೇಕು! ಮೂರನೆಯದು, ಜವಾನ ಹೊಲದ ಒಡ್ಡು ಬಂದಲ್ಲೆಲ್ಲ ಕೂತು ಏದುಸಿರು ಬಿಡುತ್ತಿದ್ದ. ಅಂದಮೇಲೆ ಗಾಯಗೊಂಡ ಗೂರ್ಖಾ!

"ಗುಂಡು ಬಿದ್ದಿರಬೇಕು ಕಾಲಿಗೆ. ಅಂಥಾದ್ರಾಗೂ ನನ್ನ ಬಿಡಲಿಲ್ಲ ನೋಡು," ಎಂದು ಮಾಮಾ ತನ್ನ ಮೊಣಕಾಲು ಮುಟ್ಟಿ ತೋರಿಸುತ್ತಿದ್ದ.

ಆದರೆ ಈ ಗೂರ್ಖಾ ಸಿದ್ಧಾಂತಕ್ಕೆ ಅಡ್ಡ ಬಂದದ್ದು ಬಿಸ್ಕೀಟು. ಅದು ಚೌಕನಾಗಿತ್ತಂತೆ, ಬಿರುಸಾಗಿತ್ತಂತೆ, ಸಿಹಿಯಿತ್ತಂತೆ, ಮೇಲೆ ಎಳ್ಳಿತ್ತಂತೆ. "ಗೂರ್ಖಾ ಮಂದಿ ಎಳ್ಳು ತಿಂತಾರೇನು?" ಎಂದು ಮಾಮಾ ಊರ ಡಾಕ್ಟರರನ್ನು ಕೇಳಿದ. ಅವರಿಗೇನು ಗೊತ್ತು! ಸರಿ, ಬಿಸ್ಕೀಟಿನ ಜಾಡು ಹಿಡಿದರೆ ಪಲ್ಟಣದ ಜಾಡು ಸಿಗುತ್ತದೆಂದು ಬೇಕರಿಗಳನ್ನು ಹೊಕ್ಕ. ಇಂಡಿಯಲ್ಲಿ ತಿಂದ, ಬಸವನ ಬಾಗೇವಾಡಿಯಲ್ಲಿ ತಿಂದ, ಸೊಲ್ಲಾಪುರದಿಂದ ತರಿಸಿ ತಿಂದ. ಅಂಗಡಿಯವನು ತಾಜಾ ಬಿಸ್ಕೀಟು ಕೊಟ್ಟರೆ ಸಿಟ್ಟು: "ಇದಲ್ಲೋ, ಹಲ್ಲು ಮುರಿಯುವಂಥಾದ್ದು ಕೊಡು!" ಒಂದು ದಿನ ಅಂಥದ್ದೂ ಸಿಕ್ಕಿತು, ಹಲ್ಲೂ ಮುರಿಯಿತು. ಮುರಿದ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬಂದ ಮಾಮಾ, "ದೇಶದ ಸಲುವಾಗಿ ಹೋತು ಬಿಡು" ಎಂದ.

ಅವ್ವ ಉಪ್ಪುನೀರು ಕಾಯಿಸಿ ಕೊಟ್ಟು, "ಸಾಕ್ ಮಾಡೋ ತಮ್ಮಾ. ಅಂಥಾ ಬಿಸ್ಕೀಟು ಅಂಗಡ್ಯಾಗ ಸಿಗೂದಿಲ್ಲ," ಎಂದಳು.

"ಹೌದಲ್ಲಾ ಅಕ್ಕಾ, ಮಿಲ್ಟ್ರಿ ಮಂದಿಗೆ ಬ್ಯಾರೇನಽ ಕಾರಖಾನಿ ಇರ್ತೈತಿ!" ಎಂದು ಮಾಮಾ ಇನ್ನೂ ಹುರುಪಾದ.

ನಿವೃತ್ತನಾದ ಮೇಲಂತೂ ಕೈಗೆ ಸಿಗಲಿಲ್ಲ. ಹಳೆಯ ಮುದುಕರೆಲ್ಲಿದ್ದಾರೆಂದು ಗೊತ್ತಾದರೆ ಅಲ್ಲಿಗೆ ಹಾಜರು, ಜೊತೆಗೆ ನನ್ನನ್ನೂ ಎಳೆದುಕೊಂಡು. ಯಂಕಂಚಿಯಲ್ಲಿ ಒಬ್ಬ ಅಜ್ಜ, ಸೈನ್ಯ ಒಂಟೆಯ ಮೇಲೆ ಬಂತೆಂದ. ಅವನ ತಮ್ಮ, ಒಂಟೆಯಲ್ಲ, ವಿಮಾನದಿಂದ ಇಳಿಯಿತೆಂದ. ಇಬ್ಬರಿಗೂ ಅಲ್ಲೇ ಜಗಳ ಹತ್ತಿತು. ನಾವು ಬಿಡಿಸಿ, ಚಹಾ ಕುಡಿದು ಬಂದೆವು. ಸಾಲೋಟಗಿಯಲ್ಲಿ ಮತ್ತೊಬ್ಬ ಅಜ್ಜ ಬಹಳ ಹೊತ್ತು ನೆನಪು ಮಾಡಿಕೊಂಡು, "ಪಲ್ಟಣ ಅಲ್ರೀ, ನನ್ನ ಲಗ್ನದಾಗ ಬ್ಯಾಂಡ್ ಕಂಪನಿ ಬಂದಿತ್ತು" ಎಂದ. ಅಲ್ಲಿನ ಹಳೆಯ ಶಾಸನದ ಕಲ್ಲಿನ ಮುಂದೆ ನಿಂತು ಮಾಮಾ ನಿಟ್ಟುಸಿರು ಬಿಟ್ಟ.

"ನೋಡು ಯವ್ವಾ, ಸಾವಿರ ವರ್ಷದ ಹಿಂದಿನವರು ಯಾರು ಬಂದ್ರು, ಯಾರಿಗೆ ಏನು ಕೊಟ್ರು, ಎಲ್ಲಾ ಕಲ್ಲಿನ ಮ್ಯಾಲ ಕೊರದಿಟ್ರು. ಮೊನ್ನಿ ಮೊನ್ನಿ ನಮ್ಮೂರಿಗೆ ಬಂದ ಪಲ್ಟಣದವ್ರಿಗೆ ಗ್ವಾಡಿ ಮ್ಯಾಲ ಇದ್ದಲಿಲೇ ಒಂದು ಹೆಸರು ಗೀಚಾಕ ಆಗಲಿಲ್ಲೇನು?"

ಅವನ ಮೊಮ್ಮಗಳನ್ನು ನೋಡಲು ಒಬ್ಬ ಸೈನಿಕ ವರ ಬಂದಾಗಿನ ಫಜೀತಿಯನ್ನು ಹೇಳದಿದ್ದರೆ ಹೇಗೆ? ಅವಲಕ್ಕಿ ತಿನ್ನುತ್ತಿದ್ದ ಹುಡುಗನಿಗೆ ಮಾಮಾ ಪಗಾರ ಕೇಳಲಿಲ್ಲ, ಹೊಲ ಮನೆ ಕೇಳಲಿಲ್ಲ. "ಡರೋ ಮತ್, ಬೇಟಾ ಅನ್ರಿ" ಎಂದ! ಹುಡುಗ ಅವಲಕ್ಕಿ ನುಂಗಿ, ಹುಡುಗಿಯ ಕಡೆ ನೋಡಿ, ಅಂಜುತ್ತಂಜುತ್ತ ಹೇಳಿದ. ಯಾರು ಯಾರಿಗೆ ಧೈರ್ಯ ಹೇಳಬೇಕಿತ್ತೋ! ಅವರು ಹೋದ ಮೇಲೆ ಮಾಮಾ ತೀರ್ಪು ಕೊಟ್ಟ: "ಹುಡುಗ ಬಂಗಾರ. ಆದರ ರೆಜಿಮೆಂಟು ಬ್ಯಾಡ. ನಮ್ಮೂರು ಬಿಡುಗಡಿ ಆದಾಗ ಅದು ಹುಟ್ಟೇ ಇರಲಿಲ್ಲ." ಲಗ್ನವಾಯಿತು ಬಿಡಿ, ಮಾಮಾನ ಮಾತು ಯಾರು ಕೇಳುತ್ತಾರೆ.

ಆದರೆ ಆ ಮೊಮ್ಮಗಳ ಗಂಡನೇ ಕಡೆಗೆ ದಾರಿ ತೋರಿಸಿದ್ದು. ಬಸವನ ಬಾಗೇವಾಡಿಯಲ್ಲಿ ನೆಲೆಸಿದ ಒಬ್ಬ ನಿವೃತ್ತ ಕರ್ನಲ್ ಸಾಹೇಬರ ಪರಿಚಯ ಅವನಿಗಿತ್ತು. ಸೇನೆಯ ಹಳೆಯ ಇತಿಹಾಸವೆಂದರೆ ಅವರಿಗೂ ಹುಚ್ಚು. ಮಾಮಾ ತನ್ನ ಪುರಾವೆಗಳನ್ನೆಲ್ಲ ಅವರ ಮುಂದಿಟ್ಟು ಬಂದ. ಅವರು ತಿಂಗಳುಗಟ್ಟಲೆ ಅಲ್ಲಿ ಇಲ್ಲಿ ವಿಚಾರಿಸಿ, ಹೋದ ವರ್ಷ ಸಪ್ಟೆಂಬರಿನಲ್ಲಿ ಫೋನ್ ಮಾಡಿ ಕರೆದರು. ಮಾಮಾ ಇಸ್ತ್ರಿಯ ಧೋತರ ಉಟ್ಟ. ಬಸ್ಸಿನಲ್ಲಿ ಕೂತು, "ಇವತ್ತು ಹೆಸರು ಸಿಕ್ತೈತಿ ಯವ್ವಾ. ಈ ಸಲ ನಿಂದರೂದಿಲ್ಲ, ಒಂದಽ ಉಸಿರಿಗೆ ಅಂತೇನಿ!" ಎಂದ.

ಕರ್ನಲ್ ಸಾಹೇಬರು ಒಳ್ಳೆಯವರು. ನಕಾಶೆ ಹರವಿ, ಮೆಲ್ಲಗೆ ಹೇಳಿದರು.

"ನೋಡ್ರಿ ಯಜಮಾನ್ರ, ಸೊಲ್ಲಾಪುರದಿಂದ ಹೊಂಟವರು ದೊಡ್ಡ ರಸ್ತಾ ಹಿಡದು ಹೈದರಾಬಾದಿನ ಕಡೆ ಹೋದ್ರು. ಐದು ದಿವಸದಾಗ ಎಲ್ಲಾ ಮುಗೀತು. ನಿಮ್ಮಂಥಾ ಹಳ್ಳಿಗೆ ಸುದ್ದಿ ಬಂತು, ಸೈನ್ಯ ಬರಲಿಲ್ರಿ. ನಿಮ್ಮೂರಿಗೆ ಯಾವ ಪಲ್ಟಣಾನೂ ಬಂದಿಲ್ಲ."

"ಮತ್ತ ನನ್ನ ಹೊತ್ತವ್ರು ಯಾರ್ರೀ?"

"ಜ್ವರ ಬಂದಿತ್ತು ಅಂತೀರಲ್ಲಾ. ಕನಸು ಬಿದ್ದಿರಬೇಕು."

ತಿರುಗಿ ಬರುವಾಗ ದಾರಿಯಲ್ಲಿ ಸೈನಿಕನೊಬ್ಬ ಬಸ್ಸು ಹತ್ತಿ ನಮ್ಮ ಪಕ್ಕದಲ್ಲೇ ನಿಂತ. ನಾನು ಮಾಮಾನ ಮೊಣಕೈಗೆ ತಿವಿದೆ. ಅವನು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ ಕೂತ. ನನಗೆ ಆಗ ಹೆದರಿಕೆಯಾಯಿತು.

ಹದಿನೇಳನೇ ತಾರೀಖು ಮುಂಜಾನೆ ಕಟ್ಟೆಯ ಮೇಲೆ ಬಾವುಟವಿರಲಿಲ್ಲ. ಹಾಲಿನವನೇ ಬಂದು, "ಮಾಮಾರಿಗೆ ಆರಾಮ ಇಲ್ಲೇನ್ರಿ?" ಎಂದು ಕೇಳಿದ. ಓಡಿ ಹೋಗಿ ನೋಡಿದರೆ ಮಾಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲವೆಂದು ಮಾಮಾನ ಹೆಂಡತಿ, ನಮ್ಮ ಅತ್ತೆ, ಕಣ್ಣೊರೆಸಿಕೊಂಡಳು. ನಾನು ಬೈದೆ, ನಗಿಸಲು ನೋಡಿದೆ. ಅವನು ಗೋಡೆಗೇ ಹೇಳಿದ:

"ಐದು ವರ್ಷದ ಕೂಸನ್ನ ಮಳ್ಯಾಗ ಮರತು ಹೋದ್ರು. ಇಷ್ಟು ವರ್ಷ ಅಂತಿದ್ದೆ, ಹೋದವರು ಹೋಗವಲ್ರ್ಯಾಕ, ನನ್ನ ಸಲುವಾಗಿ ಒಬ್ಬಂವ ಬಂದಿದ್ದ ಅಂತ. ಈಗ ನೋಡಿದ್ರ ಯಾರೂ ಬಂದಿಲ್ಲಂತ, ಯವ್ವಾ. ಯಾರೂ ಬರಲಿಲ್ಲಂತ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ತೊಂಬತ್ತರ ಹತ್ತಿರದ ಅವ್ವ ಕೂತಲ್ಲೇ ಕೂತು ಎಲ್ಲ ಕೇಳಿದಳು. ಈ ಸಲ ಹಾಲಿನ ನೆಪ ಹೇಳಲಿಲ್ಲ.

"ಗೋಧಿ ಹಿಟ್ಟು ಐತೇನು? ಬೆಲ್ಲಾ ಹಾಲಿನ್ಯಾಗ ಕರಗಸು. ಎಳ್ಳು ತಾ."

"ಏನವ್ವಾ, ದಶಮಿ ಮಾಡ್ತೀಯೇನು? ಯಾರು ಊರಿಗೆ ಹೊಂಟಾರ?"

ನಮ್ಮ ಕಡೆ ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟುವ ಸಿಹಿ ರೊಟ್ಟಿ ಅದು. ಎಲ್ಲರ ಮನೆಯಲ್ಲೂ ಮಾಡುತ್ತಿದ್ದರು, ನಮ್ಮ ಮನೆಯಲ್ಲಿ ಮಾತ್ರ ಅವ್ವ ಯಾವತ್ತೂ ಮಾಡಿದವಳಲ್ಲ. ಕೇಳಿದರೆ ತನಗೆ ಸೇರುವುದಿಲ್ಲವೆನ್ನುತ್ತಿದ್ದಳು. ಈಗ ಒಲೆಯ ಮುಂದೆ ಕೂತು ತಟ್ಟಿ, ಹಂಚಿನ ಮೇಲೆ ಬಿರುಸಾಗುವತನಕ ಬಿಟ್ಟು, ಚಾಕುವಿನಿಂದ ಚೌಕ ಚೌಕ ಕೊಯ್ದಳು. ಸೆರಗಿನಲ್ಲಿ ಕಟ್ಟಿಕೊಂಡು, ಕೋಲು ಹಿಡಿದು ಹಿಂದಿನ ಓಣಿಗೆ ಹೊರಟಳು. ಹೊಸ್ತಿಲು ದಾಟಲು ನಾಲ್ಕು ಸಲ ಯೋಚಿಸುವವಳು! ನಾನು ಹಿಂದೆ ಹಿಂದೆ ಹೋದೆ.

ಮಾಮಾನ ಮಂಚದ ಮೇಲೆ ಕೂತು ಅವ್ವ ಒಂದು ತುಂಡನ್ನು ಅವನ ಬಾಯಿಗಿಟ್ಟಳು. ಕಟ್ಟಿಸಿದ ಹಲ್ಲನ್ನು ಬಿಚ್ಚಿಟ್ಟಿದ್ದ ಮಾಮಾ ಅದನ್ನು ಚೀಪಿದ. ಮತ್ತೆ ಚೀಪಿದ. ಕಣ್ಣು ದೊಡ್ಡವಾದವು. ಧಡಕ್ಕನೆ ಎದ್ದು ಕೂತ.

"ಅಕ್ಕಾ! ಇದಽ ಇದು! ಯಾವ ಬೇಕರ್‍ಯಾಗ ಸಿಕ್ತು?"

ಅವ್ವ ಅವನ ತಲೆಯ ಮೇಲೆ ಕೈಯಿಟ್ಟು, ದನಿ ದಪ್ಪ ಮಾಡಿಕೊಂಡು ಹೇಳಿದಳು:

"ಡರೋ ಮತ್, ಬೇಟಾ."

ಮಾಮಾ ಕಣ್ಣು ಮುಚ್ಚಲಿಲ್ಲ, ಇನ್ನೊಂದು ಸಲ ಅನ್ನು ಎನ್ನಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತ.

"ಅದೊಂದಽ ಹಿಂದಿ ಮಾತು ಬರ್ತಿತ್ತೋ ನಂಗ," ಎಂದಳು ಅವ್ವ. "ಅಪ್ಪ ಅವ್ವನ ಕೂಡ ಊರಿಗೆ ಬಂದು ನೋಡ್ತೇನಿ, ನೀ ಇಲ್ಲ. ಅವ್ವ ಎದಿ ಎದಿ ಬಡ್ಕೊಳ್ಳಾಕತ್ಲು. ಅಪ್ಪ ನಿನ್ನ ಹುಡಕ್ಕೋಂತ ಹೊಳಿ ಕಡೆ ಓಡಿದ. ಗುಡಸಲಾ ನಂಗ ನೆನಪಿತ್ತು. ಗ್ವಾಡಿಗೆ ಅಪ್ಪನ ಕೋಟಿತ್ತು, ಸೊಲ್ಲಾಪುರ ಸಂತ್ಯಾಗ ಹಳೇ ಮಿಲ್ಟ್ರಿ ಕೋಟು ಮಾರ್ತಿದ್ರಲ್ಲಾ, ಅದು. ದೂರಿಂದ ನೋಡಿದವರಿಗೆ ಗಂಡಸಿನಂಗ ಕಾಣ್ಲಿ ಅಂತ ಹಾಕ್ಕೊಂಡೆ, ಅವನ ರುಮಾಲು ತಲಿಗೂ ಮಾರಿಗೂ ಸುತ್ಕೊಂಡೆ. ಕಿಸೇದಾಗ ಹಿಡಿಲಿ ಅಂತ ದಶಮಿ ಕೊಯ್ದು ತುಂಬಿದೆ. ಯಾರರ ಕೇಳಿದ್ರೂ ಗಂಡಸು ಅಂತ ತಿಳೀಲಿ ಅಂತ ದನಿ ದಪ್ಪ ಮಾಡಿದೆ. ನಿನ್ನ ಕಟ್ಟಿ ಮ್ಯಾಲ ಇಳಸಿ, ಮಂದಿ ನೋಡೂದ್ರಾಗ ಓಡಿ ಹೋಗಿ ಕೋಟು ಬಿಚ್ಚಿಟ್ಟೆ."

"ಮತ್ತ... ಒಡ್ಡಿನ ಮ್ಯಾಲ ಕೂತು ಕೂತು..."

"ಕೂಡದೇನು ಮಾಡ್ಲೋ? ನಂಗ ಹದಿಮೂರು ವರ್ಷ, ನೀ ಗುಂಡಕಲ್ಲಿನಂಗ ಇದ್ದಿ! ಗೂರ್ಖಾ ಅಂತ ಗೂರ್ಖಾ!"

ಅಷ್ಟು ವರ್ಷ ಗೂರ್ಖಾ ಎನಿಸಿಕೊಂಡ ಸಿಟ್ಟು ಅಂದು ಹೊರಬಿತ್ತು. ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

"ಯಾಕ ಹೇಳಲಿಲ್ಲ ಅಕ್ಕಾ?"

"ಮೊದಲಿಗೆ ಅವ್ವ ನನ್ನ ಬಾಯಿ ಕಟ್ಟಿದ್ಲು. ಗಂಡಸಿನ ಅಂಗಿ ತೊಟ್ಟು ಹೊಲ ತಿರಗಿದ ಹುಡುಗಿನ್ನ ಯಾರು ಮಾಡ್ಕೋತಾರ ಅಂತ. ಲಗ್ನಾದ ಮ್ಯಾಲ ಹೇಳೂಣು ಅಂತ ತವರಿಗೆ ಬಂದೆ. ಅಷ್ಟರಾಗ ನೀ ಸಾಲ್ಯಾಗ ಜವಾನನ ಕಥಿ ಹೇಳ್ಕೋಂತ ಎದಿ ಸೆಟಸಿ ಅಡ್ಡಾಡಾಕತ್ತಿದ್ದಿ. ಅಲ್ಲೀತನಕ ಎಲ್ಲಾ ಹುಡುಗರೂ ನಿಂಗ ರೋಗಿಷ್ಟಾ ರೋಗಿಷ್ಟಾ ಅಂತಿದ್ರು. ಹೆಂಗ ಕಸ್ಕೊಳ್ಳೋ ಅದನ್ನ, ತಮ್ಮಾ?"

ಮಾಮಾ ಮೆಲ್ಲಗೆ ಎದ್ದು, ಹಲ್ಲಿನ ಸೆಟ್ಟು ಹಾಕಿಕೊಂಡ. ಟ್ರಂಕಿನಿಂದ ತನ್ನ ಹಳೆಯ ಖಾಕಿ ಅಂಗಿ ತೆಗೆದು ತೊಟ್ಟ. ಬಾವುಟ ತಂದು ಕಟ್ಟೆಯ ಮೇಲೆ ಏರಿಸಿದ. ಹೊತ್ತು ಏರಿದ ಮೇಲೆ ಬಾವುಟ ಏರಿದ್ದು ನೋಡಿ ಓಣಿಯ ಮಂದಿ ಸೇರಿದರು. ಅವ್ವನನ್ನು ನಾನು ಕುರ್ಚಿ ತಂದು ಬಾಗಿಲಲ್ಲಿ ಕೂಡಿಸಿದೆ.

ಭಾರತ ಮಾತೆಗೆ ಜೈ ಆಯಿತು. ಎರಡನೆಯದು ಬಂತು. "ನನ್ನ ಹೊತ್ತು ತಂದ..." ಎಂದು ಮಾಮಾ ಎಂದಿನಂತೆ ನಿಂತ. ಮಂದಿ ಎಂದಿನಂತೆ ನಗಲು ತಯಾರಾದರು. ಮಾಮಾ ಬಾವುಟಕ್ಕೆ ಬೆನ್ನು ಮಾಡಿ, ಬಾಗಿಲ ಕಡೆ ತಿರುಗಿದ. ಹಣೆಗೆ ಕೈ ಹಚ್ಚಿದ. "...ನಮ್ಮ ಅಕ್ಕಗ..." ಎಂದ. ಕೈ ಹಣೆಯ ಮೇಲೇ ಉಳಿಯಿತು, ಕಣ್ಣಲ್ಲಿ ದಳದಳ ನೀರು. ಯಾರೂ ನಗಲಿಲ್ಲ. ಮೇಲಿಂದ ಸಣ್ಣಗೆ ಹನಿ ಬೀಳಲು ಶುರುವಾಯಿತು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು:

"ಕೈ ಇಳಿಸೋ, ಒಳಗ ಬಾ. ಮಳ್ಯಾಗ ನಿಂತು ಜ್ವರಾ ಗಿರಾ ತಂದ್ಕೊಂಡಿ ಅಂದ್ರ, ಈಗ ಹೊರಾಕ ನನ್ನ ಕಡಿಂದ ಆಗೂದಿಲ್ಲಪಾ."